ನೀರ್ದೋಸೆಗೆಷ್ಟು, ಪತ್ರೊಡೆಗೆಷ್ಟು: ಆನ್‌ಲೈನ್ ಬರಹದ ಉದ್ದದ ಲೆಕ್ಕ

ನೀರ್ದೋಸೆ ಮಾಡುವ ಬಗೆಯನ್ನು ಆನ್‌ಲೈನ್‌ನಲ್ಲಿ ಬರೆಯಲು 400 ಪದ ಸಾಕು. ಕೆಸುವಿನ ಎಲೆಗೆ ಹಿಟ್ಟು ಹಚ್ಚಿ, ಸುತ್ತಿ ಹಬೆಯಲ್ಲಿ ಬೇಯಿಸುವ ಪತ್ರೊಡೆಗೆ 900 ಬೇಕು. ಎರಡೂ ಅಕ್ಕಿಯ ತಿಂಡಿಯೇ, ಎರಡೂ ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಚೆನ್ನಾಗಿ ಗೊತ್ತಿರುವವೇ. ಹಾಗಿದ್ದೂ ಒಂದರ ಬರಹ ಇನ್ನೊಂದರ ಎರಡು ಪಟ್ಟು ಮೀರಿ ಬೆಳೆಯುವುದೇಕೆ ಎಂದು ಕೇಳಿಕೊಂಡರೆ, ಉದ್ದ ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ.

ನೀರ್ದೋಸೆಯಲ್ಲಿ ಹೊಸಬರು ಎಡವುವುದು ನಾಲ್ಕು ಕಡೆ. ಕುಚ್ಚಲಕ್ಕಿ ಹಾಕುತ್ತಾರೆ, ಬೇಕಾದದ್ದು ಕುದಿಸದ ಬೆಳ್ತಿಗೆ ಅಕ್ಕಿ. ಹಿಟ್ಟನ್ನು ಮಾಮೂಲಿ ದೋಸೆಯ ಹದಕ್ಕೇ ನಿಲ್ಲಿಸುತ್ತಾರೆ; ಅದು ನೀರು ಮಜ್ಜಿಗೆಯಷ್ಟು ತೆಳ್ಳಗಾಗದಿದ್ದರೆ ಜಾಳಿಗೆಯಂಥ ತೂತುಗಳು ಏಳುವುದಿಲ್ಲ. ಕಾವಲಿ ಚೆನ್ನಾಗಿ ಕಾಯುವ ಮೊದಲೇ ಎರೆಯುತ್ತಾರೆ, ದೋಸೆ ಅಂಟಿ ಕೂರುತ್ತದೆ. ಅರೆದ ಅಕ್ಕಿ ಪಾತ್ರೆಯ ತಳಕ್ಕೆ ಇಳಿಯುತ್ತದೆಂದು ತಿಳಿಯದೆ ಪ್ರತಿ ಸಲ ಸೌಟಿನಿಂದ ಕದಡುವುದನ್ನು ಬಿಡುತ್ತಾರೆ. ಮೊದಲ ದೋಸೆಗಳು ಹರಿದು ಹೋಗುತ್ತವೆ, ಕೊನೆಯವು ದಪ್ಪವಾಗುತ್ತವೆ. ಒಂದೊಂದಕ್ಕೂ ಕಾರಣ ಸಮೇತ 50 ಪದ ಕೊಟ್ಟರೆ 200 ಆಯಿತು. ಅಳತೆ, ನೆನೆಸುವ ಹೊತ್ತು, ಅರೆಯುವ ನುಣುಪು, ಮುಚ್ಚಳ ಮುಚ್ಚಿ ಬೇಯಿಸಿ ಮಗುಚದೆ ತೆಗೆಯುವ ರೀತಿ, ಇವಕ್ಕೆ 150. ಉಳಿದ ಹಿಟ್ಟಿನ ವಿಚಾರಕ್ಕೆ 50.

ಪತ್ರೊಡೆಯಲ್ಲಿ ಎಡವುವ ಜಾಗಗಳು ಎಲೆ ಆರಿಸುವಲ್ಲೇ ಶುರು. ಎಳೆಯದು ಯಾವುದು, ಬಲಿತದ್ದು ಯಾವುದು, ಬೆನ್ನ ಮೇಲಿನ ದಪ್ಪ ನರವನ್ನು ಎಷ್ಟು ಹೆರೆಯಬೇಕು ಎಂದು ಹೇಳಬೇಕು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹುಣಸೆಹುಳಿ ಏಕೆ ಧಾರಾಳವಾಗಿ ಬೇಕು, ಹಬೆಯಲ್ಲಿ ಏಕೆ ಅಷ್ಟು ಹೊತ್ತು ಬೇಯಬೇಕು ಎಂಬುದಕ್ಕೆ ಈ ಕಾರಣ ಹೇಳದಿದ್ದರೆ ಓದಿದವರು ಅವಸರ ಮಾಡಿಯೇ ಮಾಡುತ್ತಾರೆ. ಹಿಟ್ಟು ತರಿತರಿಯಾಗಿ ಗಟ್ಟಿ ಇರಬೇಕು, ತೆಳುವಾದರೆ ಸುರುಳಿಯಿಂದ ಜಾರುತ್ತದೆ. ದೊಡ್ಡ ಎಲೆ ಕೆಳಗೆ, ಅದರ ಮೇಲಿನದ್ದು ತುದಿ ತಿರುಗಿಸಿ. ಬಿಸಿ ಇರುವಾಗಲೇ ಕೊಯ್ದರೆ ಪುಡಿಯಾಗುತ್ತದೆ. ಹೀಗೆ ಎಂಟೊಂಬತ್ತು ಜಾಗ. 900 ಪದ ಎಲ್ಲಿಂದ ಬಂತು ಎಂದರೆ ಇಲ್ಲಿಂದ.

ಬರಹದ ಉದ್ದಕ್ಕೆ ನಾನು ನಂಬುವ ಅಳತೆಗೋಲು ಇದೊಂದೇ. ಓದುವವರು ಎಲ್ಲೆಲ್ಲಿ ತಪ್ಪಬಹುದು, ಎಲ್ಲೆಲ್ಲಿ ನಿಂತು ‘ಅದೇಕೆ?’ ಎನ್ನಬಹುದು ಎಂದು ಬರೆಯುವ ಮೊದಲೇ ಎಣಿಸಬೇಕು. ಆ ಜಾಗಗಳಿಗೆಲ್ಲ ಉತ್ತರ ಕೊಟ್ಟು ಮುಗಿದಲ್ಲಿ ಬರಹ ಮುಗಿಯಬೇಕು. ಪತ್ರೊಡೆಯನ್ನು 300 ಪದಕ್ಕೆ ಹಿಂಡಿದರೆ ಯಾರದೋ ಗಂಟಲು ತುರಿಸುತ್ತದೆ. ನೀರ್ದೋಸೆಯನ್ನು 1,500ಕ್ಕೆ ಎಳೆದರೆ, ಒಲೆ ಹಚ್ಚಿಟ್ಟು ಒದ್ದೆ ಬೆರಳಲ್ಲಿ ಫೋನ್ ಹಿಡಿದು ಅಳತೆ ಹುಡುಕುವವರ ಸಹನೆ ಸುಡುತ್ತದೆ.

ಮುದ್ರಣದ ಕಾಲದಲ್ಲಿ ಈ ಪ್ರಶ್ನೆಗೆ ಕಾಗದವೇ ಉತ್ತರ ಹೇಳುತ್ತಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಪಾಕ್ಷಿಕ. ಕಲ್ಲಿನ ಮೇಲೆ ಎಷ್ಟು ಸಾಲು ಹಿಡಿಯುತ್ತದೋ ಅಷ್ಟೇ ಸಮಾಚಾರ. ಆಮೇಲಿನ ದಿನಪತ್ರಿಕೆಗಳಲ್ಲಿ ಕಾಲಂ ಸೆಂಟಿಮೀಟರಿನ ಲೆಕ್ಕ ಬಂತು. ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂದರೆ ಲೇಖನದ ಬಾಲ ಹೋಗುತ್ತಿತ್ತು. ಆನ್‌ಲೈನ್‌ನಲ್ಲಿ ಅಂಥ ಗೋಡೆಯಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತ ಚಿಹ್ನೆಗೂ ಒಂದೊಂದು ಸಂಕೇತವಿದೆ. ಒಂದೊಂದು ಸಂಕೇತಕ್ಕೆ ಯುಟಿಎಫ್-8 ಎಂಬ ಕಡತರೂಪದಲ್ಲಿ 3 ಬೈಟ್ ಬೇಕು, ಪದಕ್ಕೆ ಸರಾಸರಿ ಏಳೆಂಟು ಸಂಕೇತ ಎಂದುಕೊಂಡರೂ 1,000 ಪದಗಳ ಲೇಖನ 25 ಕಿಲೋಬೈಟ್ ದಾಟುವುದಿಲ್ಲ. ಚೆನ್ನಾಗಿ ಕುಗ್ಗಿಸಿದ ಒಂದು ಫೋಟೊ ಅದರ ಐದಾರು ಪಟ್ಟು ತೂಗುತ್ತದೆ. ಡೇಟಾ ಖರ್ಚಾಗುತ್ತದೆ ಎಂದು ಬರಹ ಮೊಟಕು ಮಾಡುವುದರಲ್ಲಿ ಅರ್ಥವಿಲ್ಲ. ಖರ್ಚಾಗುವುದು ಓದುವವರ ಹೊತ್ತು.

ಇಂಗ್ಲಿಷಿನ ಅಂಕಿ, ಕನ್ನಡದ ಪದ

ಆನ್‌ಲೈನ್ ಬರವಣಿಗೆ ಕಲಿಯಲು ಹೊರಟವರಿಗೆ ಮೊದಲ ದಿನವೇ ಸಿಗುವ ಅಂಕಿಗಳು ಕೆಲವಿವೆ: ಕನಿಷ್ಠ 300 ಪದ, ಆದರ್ಶ 1,600 ಪದ, ಸರ್ಚ್‌ನಲ್ಲಿ ಮೇಲೆ ಬರಬೇಕಾದರೆ 2,000 ಪದ. ಇವೆಲ್ಲ ಇಂಗ್ಲಿಷಿನವು. 300 ಎಂಬುದು ವರ್ಡ್‌ಪ್ರೆಸ್ ತಾಣಗಳಿಗೆ ಜೋಡಿಸುವ ಯೋಸ್ಟ್‌ನಂಥ ಪ್ಲಗಿನ್‌ಗಳು ಹಸಿರು ದೀಪ ತೋರಿಸಲು ಇಟ್ಟುಕೊಂಡ ಕೆಳಮಿತಿ. 1,600 ಬಂದದ್ದು ಮೀಡಿಯಂ ಎಂಬ ಬ್ಲಾಗ್ ತಾಣ 2013ರಲ್ಲಿ ತನ್ನದೇ ಓದುಗರ ಲೆಕ್ಕ ನೋಡಿ, ಏಳು ನಿಮಿಷದ, ಅಂದರೆ ಸುಮಾರು 1,600 ಪದದ ಬರಹಗಳ ಮೇಲೆ ಜನ ಒಟ್ಟಾರೆ ಹೆಚ್ಚು ಹೊತ್ತು ಕಳೆಯುತ್ತಾರೆ ಎಂದು ಹೇಳಿದ ಮೇಲೆ. ಅದು ಆ ತಾಣದ, ಆ ವರ್ಷದ, ಆ ಓದುಗರ ಸರಾಸರಿ. ಇನ್ನು 2,000ದ ಮಾತಿಗೆ ಗೂಗಲ್ ತಾನೇ ಉತ್ತರ ಕೊಟ್ಟಿದೆ: ಬರೆಯುವವರಿಗೆ ಅದು ಕೊಡುವ ಮಾರ್ಗಸೂಚಿಯಲ್ಲಿ, ಗೂಗಲ್‌ಗೆ ಇಂತಿಷ್ಟು ಪದ ಇಷ್ಟವೆಂದು ಕೇಳಿ ಅಷ್ಟು ಬರೆಯುತ್ತಿದ್ದೀರಾ, ನಮಗೆ ಅಂಥ ಇಷ್ಟವಿಲ್ಲ ಎಂಬರ್ಥದ ಸಾಲು ಸ್ಪಷ್ಟವಾಗಿದೆ. ಉದ್ದದ ಲೇಖನಗಳು ಮೇಲೆ ಕಾಣಿಸುವುದು ಅವು ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುವುದರಿಂದ.

ಈ ಅಂಕಿಗಳನ್ನು ಕನ್ನಡಕ್ಕೆ ಹಾಗೇ ತಂದರೆ ಇನ್ನೊಂದು ತಪ್ಪೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದ ಬಾಲಕ್ಕೇ ಅಂಟುತ್ತವೆ. ‘ಹೋಗಬೇಕಾಗಿರಲಿಲ್ಲ’ ನಮಗೆ ಒಂದು ಪದ; ಇಂಗ್ಲಿಷಿನಲ್ಲಿ ನಾಲ್ಕೈದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಇಂಗ್ಲಿಷಿನಲ್ಲಿ 30 ಪದ, ಕನ್ನಡದಲ್ಲಿ ಸುಮಾರು 18. ಎಲ್ಲ ಬಗೆಯ ಬರಹಕ್ಕೂ ಇದೇ ಅನುಪಾತ ಇರುವುದಿಲ್ಲ. ಪಾರಿಭಾಷಿಕ ಪದ, ಹೆಸರು, ಅಂಕಿ ಹೆಚ್ಚಿದ್ದಲ್ಲಿ ವ್ಯತ್ಯಾಸ ಕಡಿಮೆ. ಆದರೂ ಇಂಗ್ಲಿಷಿನ 1,000 ಪದದ ಸರಕು ಕನ್ನಡದಲ್ಲಿ 600ರಿಂದ 700 ಪದದಲ್ಲಿ ಹಿಡಿಯುತ್ತದೆ ಎಂದು ಇಟ್ಟುಕೊಂಡು ಹೊರಟರೆ ಹೆಚ್ಚು ತಪ್ಪುವುದಿಲ್ಲ. ‘ಸಾವಿರ ಪದ ಬೇಕು’ ಎಂದು ಇಂಗ್ಲಿಷ್ ಸಲಹೆ ಓದಿ ಕನ್ನಡದಲ್ಲಿ ಸಾವಿರ ಬರೆದವರು ನಿಜವಾಗಿ ಅದರ ಒಂದೂವರೆ ಪಟ್ಟು ಬರೆದಿರುತ್ತಾರೆ.

ಓದುವ ವೇಗಕ್ಕೂ ಇದೇ ಮಾತು. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರೈಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ, ವಯಸ್ಕರು ಇಂಗ್ಲಿಷಿನ ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲಿ ಓದುವುದು ನಿಮಿಷಕ್ಕೆ ಸರಾಸರಿ 238 ಪದ ಎಂದು ತೋರಿಸಿದರು. ‘ಓದಲು 4 ನಿಮಿಷ’ ಎಂದು ಲೇಖನದ ತಲೆಯ ಮೇಲೆ ಬರೆಯುವ ಪ್ಲಗಿನ್‌ಗಳು 200ರಿಂದ 275ರ ನಡುವಿನ ಯಾವುದೋ ಅಂಕಿಯಿಂದ ಭಾಗಿಸುತ್ತವೆ. ಕನ್ನಡದ ಪದ ಹೆಚ್ಚು ಹೊರೆ ಹೊತ್ತಿರುವುದರಿಂದ ನಿಮಿಷಕ್ಕೆ 140ರಿಂದ 160 ಪದ ಎಂದು ಆ ಸೆಟ್ಟಿಂಗ್ ಬದಲಿಸಿಕೊಳ್ಳುವುದು ವಾಸಿ. ಹಾಗೆ ಮಾಡದಿದ್ದರೆ 1,200 ಪದದ ಕನ್ನಡ ಲೇಖನಕ್ಕೆ ‘5 ನಿಮಿಷ’ ಎಂದು ಬೀಳುತ್ತದೆ, ಓದಲು ಎಂಟು ಹಿಡಿಯುತ್ತದೆ. ಸಿಟಿ ಬಸ್ಸಿನ ಐದು ನಿಮಿಷದ ದಾರಿಯಲ್ಲಿ ಮುಗಿಸಬಹುದೆಂದು ತೆರೆದವರು ಅರ್ಧದಲ್ಲೇ ಇಳಿಯಬೇಕಾಗುತ್ತದೆ. ಹೇಳಿದ ಹೊತ್ತು ಸುಳ್ಳಾದರೆ ಮುಂದಿನ ಸಲ ಅವರು ನಂಬುವುದಿಲ್ಲ.

ಎಣಿಸುವ ಸಲಕರಣೆಯೇ ತಪ್ಪಿದಾಗ

ಪದ ಎಣಿಸುವ ಉಪಕರಣಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಖಾಲಿ ಜಾಗ ನೋಡಿ ಎಣಿಸುವವು ಕನ್ನಡಕ್ಕೆ ಸರಿಯಾಗಿಯೇ ಎಣಿಸುತ್ತವೆ. ಅಕ್ಷರದ ಜಾತಿ ನೋಡಿ ಎಣಿಸುವವು ಗುಣಿತ ಚಿಹ್ನೆ, ಅನುಸ್ವಾರ, ಅರ್ಕಾವೊತ್ತಿಗೆ ಬೇಕಾದ ಹಲಂತ, ಇವನ್ನೆಲ್ಲ ‘ಅಕ್ಷರವಲ್ಲ’ ಎಂದು ಬಗೆದು ಅಲ್ಲಲ್ಲೇ ಪದವನ್ನು ಕಡಿಯುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಮೂಲಿ ಪದ-ಹುಡುಕಾಟದ ಸೂತ್ರಕ್ಕೆ ‘ಮಂಗಳೂರು’ ಕೊಟ್ಟು ನೋಡಿ. ‘ಮ’, ‘ಗಳ’, ‘ರ’ ಎಂದು ಮೂರು ಪದ ಹೇಳುತ್ತದೆ. ಜಾವಾಸ್ಕ್ರಿಪ್ಟಿನ ಅದೇ ಬಗೆಯ ಸೂತ್ರ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನನ್ನೂ ಗುರುತಿಸದು, ಬರೀ ಕನ್ನಡ ಪದಗಳ ಲೇಖನಕ್ಕೆ ಸೊನ್ನೆ ಕೊಡುತ್ತದೆ. ನಿಮ್ಮ ಉಪಕರಣ ಯಾವ ಗುಂಪಿನದೆಂದು ತಿಳಿಯಲು, ಕೈಯಲ್ಲಿ ಎಣಿಸಿದ ಹತ್ತು ಪದದ ಒಂದು ವಾಕ್ಯ ಕೊಟ್ಟು ನೋಡಿದರೆ ಸಾಕು.

ಅಕ್ಷರ ಮಿತಿ ಇರುವ ಕಡೆ ಇನ್ನೂ ಜಾಗ್ರತೆ ಬೇಕು. ‘ಮಂಗಳೂರು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ. ‘ಲಕ್ಷ್ಮಿ’ ನಮಗೆ ಎರಡೇ ಅಕ್ಷರ, ಯೂನಿಕೋಡಿಗೆ ಅದೂ ಏಳು. ಎಕ್ಸ್‌ನ (ಹಿಂದಿನ ಟ್ವಿಟರ್) 280ರ ಮಿತಿ ಈ ಸಂಕೇತಗಳ ಲೆಕ್ಕ. ಕನ್ನಡದ ಎಸ್ಸೆಮ್ಮೆಸ್ ಒಂದಕ್ಕೆ 160 ಅಲ್ಲ, 70 ಸಂಕೇತ. ಅಂದರೆ ಜಾಗ ಬಿಡದೆ ಬರೆದರೆ ಹತ್ತು ಸಲ ‘ಮಂಗಳೂರು’. ವಿಳಾಸದ ಸಾಲಿನಲ್ಲಿ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆ ಸೇರಿ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಲೇಖನದ ಲಿಂಕಿನಲ್ಲಿ ‘ಮಂಗಳೂರು’ ಎಂಬ ಒಂದೇ ಪದ 63 ಅಕ್ಷರ ತಿನ್ನುತ್ತದೆ. ವರ್ಡ್‌ಪ್ರೆಸ್ ಲಿಂಕಿನ ಆ ಭಾಗಕ್ಕೆ 200ರ ಮಿತಿ ಇಟ್ಟಿದೆ. ಕನ್ನಡದ 22 ಸಂಕೇತ, ಅಂದರೆ ಮೂರು ಪದ ಆಗುವಷ್ಟರಲ್ಲಿ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಇದಕ್ಕೆ ಪರಿಹಾರ ಸುಲಭ: ಶೀರ್ಷಿಕೆ ಕನ್ನಡದಲ್ಲೇ ಇರಲಿ, ಲಿಂಕನ್ನು ಮಾತ್ರ ಕೈಯಾರೆ ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಪದಕ್ಕೆ ಇಳಿಸಿ. ವಾಟ್ಸ್ಆ್ಯಪಿನಲ್ಲಿ ಹಂಚಿಕೊಂಡಾಗ ಕಣ್ಣಿಗೂ ಹಿತ.

ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ ಕಡತದಲ್ಲಿ ಅಕ್ಷರದ ಎಣಿಕೆಗೆ ಬೆಲೆಯೇ ಇಲ್ಲ. ಮೊದಲು ಪರಿವರ್ತಿಸಿ, ಒತ್ತಕ್ಷರ ಸರಿಯಾಗಿ ಬಂದಿವೆಯೇ ನೋಡಿ, ಆಮೇಲೆ ಎಣಿಸಬೇಕು.

ಬರೆಯುವ ಮೊದಲೇ ಉದ್ದ ಕಟ್ಟುವುದು

ಕರಾವಳಿಯ ಮೂರು ವಿಷಯಗಳನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಓದುವವರ ಪ್ರಶ್ನೆಗಳು ನಾಲ್ಕೋ ಐದೋ: ಎಂದಿನಿಂದ ಎಂದಿನವರೆಗೆ, ಯಾವ ದೋಣಿಗೆ ಅನ್ವಯ, ನಾಡದೋಣಿಗಳ ಗತಿಯೇನು, ಏಕೆ ಈ ತಿಂಗಳುಗಳೇ, ಮಾರುಕಟ್ಟೆಯಲ್ಲಿ ಆಗ ಯಾವ ಮೀನು ಸಿಗುತ್ತದೆ. ಒಂದೊಂದಕ್ಕೆ 40 ಪದ, ಒಟ್ಟು 200. ಮೀನು ಮೊಟ್ಟೆಯಿಡುವ ಕಾಲದ ವಿವರ ಕೇಳುವವರು ಬೇರೆ ಇರುತ್ತಾರೆ. ಅವರಿಗೆ ಇನ್ನೊಂದು ಲೇಖನ ಬರೆದು ಕೊಂಡಿ ಹಾಕಬೇಕು. ಮಲ್ಪೆ ಬಂದರಿನ ಇತಿಹಾಸವನ್ನು ಈ 200ರೊಳಗೆ ತುರುಕಿದರೆ ತಾರೀಕು ಮುಳುಗಿಹೋಗುತ್ತದೆ.

ಎರಡನೆಯದು ಉಡುಪಿಯ ಪರ್ಯಾಯ, ಕೃಷ್ಣಮಠದ ಪೂಜೆಯ ಹೊಣೆ ಅಷ್ಟ ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಇಲ್ಲಿ ಆಗುವ ತಪ್ಪನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಉದ್ದದ ಸಮಸ್ಯೆ ಎಂದು ಕಾಣುವುದು ಬಹಳ ಸಲ ಇಬ್ಬರು ಓದುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಸಮಸ್ಯೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಪೀಠವೇರುವ ಯತಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಗೆ ಬರುತ್ತಾರೆ, ಅಲ್ಲಿಂದ ರಥಬೀದಿಗೆ ಮೆರವಣಿಗೆ. ಆ ರಾತ್ರಿ ಊರಿಗೆ ಬರುವವರಿಗೆ ಬೇಕಾದದ್ದು ವಾಹನ ಎಲ್ಲಿ ನಿಲ್ಲಿಸಬೇಕು, ಯಾವ ರಸ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮೆರವಣಿಗೆ ನೋಡಲು ಎಲ್ಲಿ ನಿಂತರೆ ಒಳ್ಳೆಯದು, ಊಟ ಎಲ್ಲಿ. 350 ಪದ ಮತ್ತು ಒಂದು ನಕ್ಷೆ. ಇನ್ನೊಬ್ಬ ಓದುಗರು ದೂರದ ಊರಿನಲ್ಲಿ ಕುಳಿತು, ಅಷ್ಟ ಮಠಗಳ ಸರದಿ ಹೇಗೆ ನಡೆಯುತ್ತದೆ, ಎರಡು ತಿಂಗಳಿದ್ದ ಪರ್ಯಾಯವನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದ್ದು ಏಕೆ, ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತ ಅಂದರೇನು, ಅಕ್ಷಯಪಾತ್ರೆ ಮತ್ತು ಸಟ್ಟುಗ ಕೈಬದಲಾಗುವುದರ ಅರ್ಥವೇನು ಎಂದು ತಿಳಿಯಲು ಬಂದಿರುತ್ತಾರೆ. ಅವರಿಗೆ 1,800 ಪದವೂ ಹೆಚ್ಚಲ್ಲ. ಇಬ್ಬರಿಗೂ ಸೇರಿಸಿ 2,150 ಪದದ ಒಂದೇ ಲೇಖನ ಮಾಡಿದರೆ ಮೊದಲನೆಯವರು ಪಾರ್ಕಿಂಗ್ ಸಾಲು ಸಿಗದೆ ಹಿಂದಿರುಗುತ್ತಾರೆ, ಎರಡನೆಯವರು ಸಂಚಾರ ಬದಲಾವಣೆಯ ಸಾಲುಗಳನ್ನು ದಾಟುವಾಗ ಎಳೆ ಕಳೆದುಕೊಳ್ಳುತ್ತಾರೆ. ಇದಕ್ಕೆ ಎರಡು ಬರಹವೇ ಬೇಕು. ಒಂದರ ಆಯುಷ್ಯ ಎರಡು ದಿನ, ಇನ್ನೊಂದರದ್ದು ಹತ್ತಾರು ವರ್ಷ.

ಆದರೆ ಇಲ್ಲಿ ಎಚ್ಚರ: ಒಡೆಯುವುದು ಓದುಗರು ಬೇರೆಯಾದಾಗ ಮಾತ್ರ. ಒಂದೇ ಓದುಗರಿಗೆ ಬೇಕಾದ ಒಂದೇ ಎಳೆಯನ್ನು ‘ಭಾಗ 1’, ‘ಭಾಗ 2’ ಎಂದು ಕಡಿದು ವೀಕ್ಷಣೆಯ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಓದುವವರಿಗೆ ಮಾಡುವ ಅನ್ಯಾಯ. ಪತ್ರೊಡೆಯ ಹಿಟ್ಟು ಒಂದು ಪುಟದಲ್ಲಿ, ಸುತ್ತುವುದು ಇನ್ನೊಂದು ಪುಟದಲ್ಲಿ ಇದ್ದರೆ ಹೇಗಾದೀತು! ಸರಣಿ ಮಾಡಲೇಬೇಕಾದಾಗ ಪ್ರತಿ ಕಂತೂ ತನ್ನಷ್ಟಕ್ಕೆ ಒಂದು ಪ್ರಶ್ನೆಯನ್ನು ಪೂರ್ತಿ ಮುಗಿಸಬೇಕು.

ಮೂರನೆಯದು ಮಂಗಳೂರು ಹಂಚು. 1865ರಲ್ಲಿ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಲ್ಲಿಂದ ಹಿಡಿದು, ನದಿ ಬಯಲಿನ ಜೇಡಿಮಣ್ಣು, ಅದರಲ್ಲಿನ ಕಬ್ಬಿಣದ ಅಂಶದಿಂದ ಸುಟ್ಟಾಗ ಬರುವ ಕೆಂಪು, ಒಂದಕ್ಕೊಂದು ಕಚ್ಚಿಕೊಳ್ಳುವ ಏಣು-ತೋಡು, ಮಳೆಗಾಲದಲ್ಲಿ ನೀರು ಒಳಗೆ ಬಾರದಂತೆ ಮಾಡಿನ ಇಳಿಜಾರು, ಪಾಚಿ ಹಿಡಿಯುವುದು, ಒಡೆದ ಹಂಚನ್ನು ಬದಲಿಸುವ ಬಗೆ, ಕಾರ್ಖಾನೆಗಳು ಮುಚ್ಚಿದ್ದು, ಇವತ್ತು ಹಳೆ ಹಂಚು ಕೊಳ್ಳುವಾಗ ತಟ್ಟಿ ಸದ್ದು ಕೇಳಿ ನೋಡುವುದು. ಒಂಬತ್ತು ಪ್ರಶ್ನೆ, ಪ್ರತಿಯೊಂದೂ ಮುಂದಿನದಕ್ಕೆ ಕೈಹಿಡಿಯುತ್ತದೆ. ಒಂದಕ್ಕೆ 180ರಂತೆ 1,620 ಪದ. ಇದನ್ನು 600ಕ್ಕೆ ಇಳಿಸಿದರೆ ಉಳಿಯುವುದು ಇಸವಿ ಮತ್ತು ಹೊಗಳಿಕೆ.

ಕೆಲಸದ ಕ್ರಮ ಹೀಗೆ: ಓದುವವರ ಮುಖ್ಯ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಅದರ ಕೆಳಗೆ ಉಪಪ್ರಶ್ನೆಗಳು. ಪ್ರತಿಯೊಂದರ ಎದುರು ಅಂದಾಜು ಪದ: ಬರೀ ಮಾಹಿತಿಯಾದರೆ 40, ಕಾರಣ ಸಹಿತವಾದರೆ 80, ಉದಾಹರಣೆಯೂ ಬೇಕಾದರೆ 150ರಿಂದ 200. ಕೂಡಿಸಿ. ಬಂದ ಮೊತ್ತಕ್ಕಿಂತ ಐದನೇ ಒಂದು ಪಾಲು ಹೆಚ್ಚು ಬರೆಯಲು ಬಿಟ್ಟುಕೊಳ್ಳಿ, ಆ ಪಾಲು ಆಮೇಲೆ ಕಡಿಯಲು. ಬರೆಯುತ್ತಾ ಮೊತ್ತ ಎರಡು ಪಟ್ಟಾಯಿತೆಂದರೆ ಒಂದೋ ಪಟ್ಟಿಯಲ್ಲಿ ಪ್ರಶ್ನೆ ಬಿಟ್ಟುಹೋಗಿತ್ತು, ಇಲ್ಲವೇ ಎರಡನೆಯ ಓದುಗರು ಸದ್ದಿಲ್ಲದೆ ಒಳಗೆ ಬಂದಿದ್ದಾರೆ.

ಮೊದಲ 80 ಪದ

360 ಪಿಕ್ಸೆಲ್ ಅಗಲದ ಸಾಮಾನ್ಯ ಫೋನಿನಲ್ಲಿ, 18 ಪಿಕ್ಸೆಲಿನ ಕನ್ನಡ ಫಾಂಟಿಗೆ ಸಾಲೊಂದಕ್ಕೆ ಸುಮಾರು ನಾಲ್ಕು ಪದ ಹಿಡಿಯುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಫಾಂಟಿನ 1.6ರಿಂದ 1.8 ಪಟ್ಟು ಬೇಕು. ಇಂಗ್ಲಿಷಿಗೆ ಸಾಕಾಗುವ 1.4 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಹೀಗೆ ಒಂದು ಪರದೆಗೆ ಇಪ್ಪತ್ತು ಸಾಲು, 80 ಪದ. ಸಾವಿರ ಪದ ಅಂದರೆ ಹನ್ನೆರಡು ಹದಿಮೂರು ಸಲ ಪರದೆ ಸರಿಸಬೇಕು. ಶೀರ್ಷಿಕೆ, ಚಿತ್ರ, ಜಾಹೀರಾತು ಮೇಲೆ ಕುಳಿತರೆ ಮೊದಲ ಪರದೆಯಲ್ಲಿ ಉಳಿಯುವುದು ಇನ್ನೂ ಕಡಿಮೆ.

ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2008ರಲ್ಲಿ ಲೆಕ್ಕ ಹಾಕಿದಂತೆ, ಒಂದು ಸರಾಸರಿ ಭೇಟಿಯಲ್ಲಿ ಜನ ಪುಟದ ಪದಗಳಲ್ಲಿ ಹೆಚ್ಚೆಂದರೆ ಶೇ. 28 ಓದಬಲ್ಲರು, ಶೇ. 20 ಎನ್ನುವುದೇ ವಾಸ್ತವಕ್ಕೆ ಹತ್ತಿರ. ಇದನ್ನು ಓದಿ ‘ಹಾಗಾದರೆ ಐದನೇ ಒಂದು ಭಾಗ ಬರೆದರೆ ಸಾಕು’ ಎಂದು ತೀರ್ಮಾನಿಸುವವರಿದ್ದಾರೆ. ಹಾಗಲ್ಲ. ಒಬ್ಬೊಬ್ಬರು ಓದುವ ಐದನೇ ಒಂದು ಭಾಗ ಒಂದೇ ಆಗಿರುವುದಿಲ್ಲ. ಒಬ್ಬರಿಗೆ ಪತ್ರೊಡೆಯ ಹಿಟ್ಟಿನ ಅಳತೆ, ಇನ್ನೊಬ್ಬರಿಗೆ ತುರಿಕೆಯ ಕಾರಣ. ತಮಗೆ ಬೇಕಾದ ತುಂಡು ಎಲ್ಲಿದೆಯೆಂದು ಅವರು ಕೂಡಲೇ ಕಂಡುಕೊಳ್ಳುವಂತಿರಬೇಕು, ಅಷ್ಟೇ. ಅದಕ್ಕಾಗಿ ಮುಖ್ಯ ಉತ್ತರ ಮೊದಲ 80 ಪದದೊಳಗೆ ಬರಲಿ. 200ರಿಂದ 300 ಪದಕ್ಕೊಂದು ಉಪಶೀರ್ಷಿಕೆ ಇರಲಿ, ಅದರಲ್ಲಿ ವಿಷಯದ ಹೆಸರಿರಲಿ. ‘ಮುನ್ನುಡಿ’, ‘ಇತರ ವಿಚಾರಗಳು’ ಎಂಬ ಉಪಶೀರ್ಷಿಕೆ ಯಾರಿಗೂ ದಾರಿ ತೋರಿಸದು. 1,200 ಪದ ದಾಟಿದ ಮಾಹಿತಿ ಲೇಖನಕ್ಕೆ ಮೇಲ್ಗಡೆ ಕೊಂಡಿ ಸಹಿತ ಒಳಪಿಡಿ ಹಾಕಿ. ಪಾಕದ ಬರಹದಲ್ಲಿ ಅಜ್ಜಿಯ ನೆನಪು ಬೇಕಿದ್ದರೆ ಇರಲಿ, ಅಳತೆಯ ಕೆಳಗೆ.

ಕಡಿಯುವ ಕೆಲಸ

ಯಕ್ಷಗಾನದವರು ಈ ಕೆಲಸವನ್ನು ನಮ್ಮ ಕಣ್ಣೆದುರೇ ಮಾಡಿದ್ದಾರೆ. ಬೆಳಗಿನವರೆಗಿನ ಆಟವನ್ನು ಕಾಲಮಿತಿಗೆ ತಂದಾಗ, ಒಂದು ರಾತ್ರಿಗೆ ಎರಡು ಮೂರು ಪ್ರಸಂಗ ಇದ್ದಲ್ಲಿ ಒಂದಕ್ಕೆ ಇಳಿಸಿದರು, ಪೂರ್ವರಂಗ ಮೊಟಕಾಯಿತು, ಆಮೇಲೆ ಭಾಗವತರು ಕುಳಿತು ಯಾವ ಪದ್ಯ ಬಿಡಬೇಕೆಂದು ಗುರುತು ಹಾಕಿದರು. ಕಥೆ ಯಾವುದರ ಮೇಲೆ ನಿಂತಿದೆಯೋ ಆ ಪದ್ಯ ಉಳಿಯುತ್ತದೆ, ಅದಕ್ಕೆ ಕುಣಿತವೂ ಅರ್ಥವೂ (ವೇಷಧಾರಿಗಳ ಮಾತುಗಾರಿಕೆ) ತುಂಬ ಸಿಗುತ್ತದೆ; ಇನ್ನೊಂದು ಇಡಿಯಾಗಿ ಹೋಗುತ್ತದೆ. ಯಾವುದನ್ನೂ ಬಿಡಲು ಮನಸ್ಸಾಗದೆ ಎಲ್ಲ ಪದ್ಯವನ್ನೂ ಓಡಿಸಿ, ಎಲ್ಲರ ಅರ್ಥವನ್ನೂ ಎರಡೆರಡು ಮಾತಿಗೆ ಇಳಿಸಿದ ಆಟದಲ್ಲಿ ಗಂಟೆ ಉಳಿದೀತು, ರಸ ಉಳಿಯದು. ಬರಹ ಕಡಿಯುವಾಗಲೂ ಇಡೀ ತುಂಡು ತೆಗೆಯಬೇಕು, ಪ್ರತಿ ಪ್ಯಾರಾದಿಂದ ಒಂದೊಂದು ಚಮಚ ತೆಗೆಯುವುದಲ್ಲ. ಒಂಬತ್ತು ಪ್ರಶ್ನೆಯಲ್ಲಿ ಎರಡನ್ನು ಪೂರ್ತಿ ಬಿಟ್ಟು ಏಳನ್ನು ಸರಿಯಾಗಿ ಹೇಳಿದ ಲೇಖನ, ಒಂಬತ್ತನ್ನೂ ಅರೆಬರೆ ಮುಟ್ಟಿದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತುಂಡು ತೆಗೆದ ಮೇಲೆ ವಾಕ್ಯದ ಬೊಜ್ಜು. ಮೊದಲ ಪ್ಯಾರಾದಲ್ಲೇ ಕತ್ತರಿ ಶುರುವಾಗಲಿ. ಕೈ ಕಾಯಿಸಿಕೊಳ್ಳಲು ಬರೆದ ಸಾಲುಗಳು ಅಲ್ಲಿರುತ್ತವೆ. ‘ನೀರ್ದೋಸೆಯು ಕರಾವಳಿ ಭಾಗದ ಅತ್ಯಂತ ಜನಪ್ರಿಯವಾದಂತಹ ಒಂದು ತಿಂಡಿಯಾಗಿದೆ ಎಂದರೆ ತಪ್ಪಾಗಲಾರದು’ ಎಂಬಲ್ಲಿ ಒಂಬತ್ತು ಪದ, ಹೊಸ ವಿಷಯ ಸೊನ್ನೆ. ‘ನೀರ್ದೋಸೆಗೆ ಹಿಟ್ಟು ಹುದುಗಬೇಕಿಲ್ಲ, ಅರೆದ ಕೂಡಲೇ ಎರೆಯಬಹುದು’ ಎಂಬಲ್ಲಿ ಆರೇ ಪದ, ಅಡುಗೆಮನೆಯ ಕೆಲಸ ನಡೆಯಿತು. ‘ವಾದಂತಹ’, ‘ಎಂಬುದನ್ನು ನಾವು ಕಾಣಬಹುದಾಗಿದೆ’, ‘ಎಂದೇ ಹೇಳಬಹುದು’, ಇವು ಬಂದಲ್ಲೆಲ್ಲ ಅಳಿಸಿ ನೋಡಿ, ಏನೂ ಕಳೆದುಹೋಗುವುದಿಲ್ಲ.

ಕನ್ನಡದಲ್ಲಿ ಒಂದು ವಿಶೇಷ ತೊಡಕಿದೆ: ಬೊಜ್ಜು ಪದದ ಎಣಿಕೆಗೆ ಸಿಗುವುದಿಲ್ಲ, ಪ್ರತ್ಯಯದೊಳಗೆ ಅಡಗಿರುತ್ತದೆ. ‘ಅಕ್ಕಿಯನ್ನು ನಾಲ್ಕು ಗಂಟೆಗಳ ಕಾಲ ನೆನೆಸಿಡಬೇಕಾಗಿರುತ್ತದೆ’ ಐದು ಪದ, 22 ಅಕ್ಷರ. ‘ಅಕ್ಕಿ ನಾಲ್ಕು ಗಂಟೆ ನೆನೆಯಲಿ’ ನಾಲ್ಕು ಪದ, 10 ಅಕ್ಷರ. ಪದ ಒಂದೇ ಕಡಿಮೆಯಾಯಿತು, ಓದುವ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ಆದ್ದರಿಂದ ಕಡಿಯುವಾಗ ಪದದ ಸಂಖ್ಯೆಯ ಜೊತೆಗೆ ಒಟ್ಟು ಅಕ್ಷರದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಎರಡನೆಯದು ಮೊದಲನೆಯದಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ ಸರಿಯಾದ ಕಡೆ ಕಡಿಯುತ್ತಿದ್ದೀರಿ. ಗಟ್ಟಿಯಾಗಿ ಓದುವುದೂ ಒಳ್ಳೆಯ ಪರೀಕ್ಷೆ. ಉಸಿರು ಕಟ್ಟುವಲ್ಲಿ ಬೊಜ್ಜಿರುತ್ತದೆ.

ಕಡಿಯಬಾರದ್ದು ಮೂರು: ಅಳತೆ, ಕಾರಣ, ತಪ್ಪಾದಾಗ ಏನಾಗುತ್ತದೆಂಬ ಸಾಲು. ಉದ್ದ ಹೆಚ್ಚಾಯಿತೆಂದು ಗಾಬರಿಯಾದವರು ಮೊದಲು ಕೈ ಹಾಕುವುದು ‘ಏಕೆಂದರೆ’ ಎಂದು ಶುರುವಾಗುವ ವಾಕ್ಯಕ್ಕೆ. ಪತ್ರೊಡೆ ಬರಹದಿಂದ ಹರಳುಗಳ ಮಾತು ತೆಗೆದರೆ ಹುಣಸೆ ಬರೀ ರುಚಿಗೆಂದು ಕಾಣುತ್ತದೆ, ಹುಳಿ ಬೇಡದವರು ಕಡಿಮೆ ಹಾಕುತ್ತಾರೆ.

ಪ್ರಕಟಿಸಿದ ಮೇಲೆ

ಉದ್ದ ಸರಿಯಾಗಿತ್ತೇ ಎಂದು ನೋಡಲು ಹೆಚ್ಚಿನವರು ‘ಸರಾಸರಿ ಹೊತ್ತು’ ತೆರೆಯುತ್ತಾರೆ, ದಾರಿ ತಪ್ಪುತ್ತಾರೆ. ಎಂಟು ನಿಮಿಷದ ಲೇಖನಕ್ಕೆ ಸರಾಸರಿ ಒಂದೂವರೆ ನಿಮಿಷ ಬಂದರೆ ಎಲ್ಲರೂ ಒಂದೂವರೆ ನಿಮಿಷ ಓದಿದ್ದಾರೆ ಎಂದಲ್ಲ. ತಪ್ಪಿ ಬಂದವರು ಹತ್ತು ಸೆಕೆಂಡಿನಲ್ಲಿ ಹೋಗಿದ್ದಾರೆ, ಬೇಕಾಗಿ ಬಂದವರು ಏಳೆಂಟು ನಿಮಿಷ ಕೂತಿದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಫೋನಿನಲ್ಲಿ ಸಾವಿರ ಪದ ಮೀರಿದ ಇಂಗ್ಲಿಷ್ ಸುದ್ದಿಲೇಖನಕ್ಕೆ ಜನ ಸರಾಸರಿ 123 ಸೆಕೆಂಡ್ ಕೊಟ್ಟರೆ, ಚಿಕ್ಕದಕ್ಕೆ 57. 123 ಸೆಕೆಂಡಿನಲ್ಲಿ ಓದಲಾಗುವುದು 500ರಷ್ಟು ಪದ. ಪೂರ್ತಿ ಓದದಿದ್ದರೂ ಉದ್ದದ ಬರಹಕ್ಕೆ ಫೋನಿನಲ್ಲೂ ಎರಡು ಪಟ್ಟು ಹೊತ್ತು ಕೊಡುತ್ತಾರೆ ಎಂಬುದು ಗಮನಿಸಬೇಕಾದ ಅಂಶ.

ಸ್ಕ್ರಾಲ್ ಎಷ್ಟಾಯಿತು ಎಂಬುದು ಹೆಚ್ಚು ಹೇಳುತ್ತದೆ, ಅದರಲ್ಲೂ ಒಂದು ಬಲೆ ಇದೆ. ತಾಣದ ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4 ತಾನಾಗಿ ದಾಖಲಿಸುವುದು ಪುಟದ ಶೇ. 90 ದಾಟಿದಾಗ ಮಾತ್ರ. ಆ ಪುಟ ಅಂದರೆ ಲೇಖನವಷ್ಟೇ ಅಲ್ಲ. ಕೆಳಗಿನ ಪ್ರತಿಕ್ರಿಯೆಗಳು, ‘ಇದನ್ನೂ ಓದಿ’ ಸಾಲುಗಳು ಎಲ್ಲ ಸೇರಿ. ಕೊನೆಯ ಪದದವರೆಗೆ ಓದಿದವರು ಶೇ. 70ರಲ್ಲೇ ನಿಂತಿರಬಹುದು, ವರದಿಯಲ್ಲಿ ‘ಯಾರೂ ಮುಗಿಸಿಲ್ಲ’ ಎಂದು ಕಾಣುತ್ತದೆ. ಗೂಗಲ್‌ನದೇ ಟ್ಯಾಗ್ ಮ್ಯಾನೇಜರಿನಲ್ಲಿ ಶೇ. 25, 50, 75ರ ಗುರುತು ಹಾಕಿಕೊಂಡು, ಲೇಖನದ ಕೊನೆಯ ಪ್ಯಾರಾ ಕಣ್ಣಿಗೆ ಬಿದ್ದಾಗ ಬೇರೆ ಗುರುತು ಬೀಳುವಂತೆ ಮಾಡಿದರೆ ಚಿತ್ರ ಸ್ಪಷ್ಟ. ಎಲ್ಲರೂ ಒಂದೇ ಜಾಗದಲ್ಲಿ ಬಿಟ್ಟು ಹೋಗುತ್ತಿದ್ದರೆ ತೊಂದರೆ ಆ ಪ್ಯಾರಾದಲ್ಲಿದೆ, ಒಟ್ಟು ಉದ್ದದಲ್ಲಲ್ಲ. ನಿಧಾನವಾಗಿ, ಅಲ್ಲಲ್ಲಿ ಇಳಿಯುತ್ತಾ ಹೋದರೆ ಜನ ತಮ್ಮ ತುಂಡು ಸಿಕ್ಕಿ ಹೋಗುತ್ತಿದ್ದಾರೆ. ಅದು ಒಳ್ಳೆಯ ಲಕ್ಷಣ. ಓದಿದವರು ಬರೆದು ಕೇಳುವ ಪ್ರಶ್ನೆಗಳು ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ. ಲೇಖನದಲ್ಲಿ ಇದ್ದದ್ದನ್ನೇ ಕೇಳಿದರೆ ಅದು ಹೂತುಹೋಗಿದೆ, ಮೇಲಕ್ಕೆ ತನ್ನಿ. ಇಲ್ಲದ್ದನ್ನು ಮೂರು ಜನ ಕೇಳಿದರೆ 50 ಪದ ಸೇರಿಸಿ.

ಹೀಗೆ ಸೇರಿಸುತ್ತಾ ಹೋದ ಹಳೆಯ ಬರಹಗಳು ಊದಿಕೊಳ್ಳುವುದೂ ಉಂಟು. ಮೀನುಗಾರಿಕೆ ನಿಷೇಧದ 200 ಪದಕ್ಕೆ ಪ್ರತಿ ಮೇ ತಿಂಗಳು ‘ಈ ವರ್ಷದ ಹೊಸ ಮಾಹಿತಿ’ ಎಂದು 60 ಪದ ಅಂಟಿಸಿದರೆ ಐದು ವರ್ಷಕ್ಕೆ 500 ಆಯಿತು, ಮೇಲ್ಗಡೆ ಇರುವುದು ಐದು ವರ್ಷದ ಹಿಂದಿನ ಆದೇಶ. ಅಂಟಿಸಬೇಡಿ, ಹಳೆಯ ಸಾಲನ್ನು ಅಳಿಸಿ ಆ ಜಾಗದಲ್ಲೇ ಹೊಸದನ್ನು ಬರೆಯಿರಿ. ಬದಲಿಸಿದ ತಾರೀಕು ಶೀರ್ಷಿಕೆಯ ಕೆಳಗಿರಲಿ. ಪರ್ಯಾಯದ ಉದ್ದನೆಯ ಲೇಖನದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಗುವುದು ಪೀಠವೇರಿದ ಮಠದ ಹೆಸರು ಮತ್ತು ಮುಂದಿನ ಸರದಿ, ಎರಡೇ ಸಾಲು. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿಟ್ಟರೆ ಉಳಿದ 1,800 ಪದವನ್ನು ಮುಟ್ಟುವ ಕೆಲಸವೇ ಇಲ್ಲ.